ಹತ್ತನೇ ತರಗತಿಗೆ ಹೃದಯದ ಅನಿಮೇಷನ್ ಮಾಡಿದ ಅನುಭವ

ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಿಬಿಜೆಡ್ (ರಸಾಯನ, ಸಸ್ಯ, ಪ್ರಾಣಿ ವಿಜ್ಞಾನ) ಶಿಕ್ಷಕಿ. ಕನ್ನಡ ಮಾಧ್ಯಮ. ಹತ್ತನೇ ತರಗತಿಯ 'ಜೀವಕ್ರಿಯೆಗಳು' ಪಾಠಕ್ಕೆ ಹೃದಯ ಹೇಗೆ ಕೆಲಸ ಮಾಡುತ್ತದೆ ಎಂದು ತೋರಿಸುವ ಅನಿಮೇಷನ್ ಒಂದನ್ನು ನಾನೇ ಮಾಡಿದೆ. ಸಮಿತಿಯ ಒಪ್ಪಿಗೆಯೂ ಸೇರಿ ಅದರ ಕೆಲಸವೆಲ್ಲ ಈ ವಾರ ಕೊನೆಗೂ ಮುಗಿಯಿತು. ಇರುವುದು ಮೂರು ನಿಮಿಷ. ಅದಕ್ಕೆ ಬೇಸಿಗೆ ರಜೆ ಪೂರ್ತಿ ಹೋಯಿತು, ದಸರಾ ರಜೆಯೂ ಹೋಯಿತು. ಹೇಗೆ ಮಾಡಿದಿರಿ, ಎಷ್ಟು ಖರ್ಚಾಯಿತು ಎಂದು ಬೇರೆ ಶಾಲೆಯ ಶಿಕ್ಷಕರು ಕೇಳುತ್ತಿದ್ದಾರೆ. ಎಲ್ಲರಿಗೂ ಒಟ್ಟಿಗೇ ಹೇಳಿದಂತಾಗಲಿ ಎಂದು ಬರೆಯುತ್ತಿದ್ದೇನೆ.

ರೆಡಿ ವಿಡಿಯೋಗಳು ಬೇಕಾದಷ್ಟಿವೆ, ಮತ್ತೆ ಇದೇಕೆ ಅಂತ ಅನಿಸಬಹುದು. ನನಗೂ ಮೊದಲು ಹಾಗೇ ಅನಿಸಿತ್ತು. ಆದರೆ ಪ್ರತಿ ವರ್ಷ ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳಲ್ಲಿ ಒಂದೇ ವಿಷಯ ನನ್ನನ್ನು ಕಾಡುತ್ತಿತ್ತು. 'ಮೊದಲು ಎಡಭಾಗ ಸಂಕುಚಿಸುತ್ತದೆ, ಆಮೇಲೆ ಬಲಭಾಗ' ಎಂದು ಚೆನ್ನಾಗಿ ಓದುವ ಮಕ್ಕಳೂ ಬರೆಯುತ್ತಿದ್ದರು. ಅದರಲ್ಲಿ ಅವರ ತಪ್ಪೇನಿಲ್ಲ. ಬರವಣಿಗೆಯಲ್ಲಿ ಒಂದಾದ ಮೇಲೆ ಒಂದನ್ನೇ ಹೇಳಬೇಕಾಗುತ್ತದೆ. ಪಠ್ಯದಲ್ಲಿ ಎಡಭಾಗದ ಕೆಲಸ ಮುಗಿದ ಮೇಲೆ ಬಲಭಾಗದ ವಿವರಣೆ ಬರುತ್ತದೆ. ಮಕ್ಕಳು ಅದೇ ಕ್ರಮದಲ್ಲಿ ಹೃದಯವೂ ನಡೆಯುತ್ತದೆ ಎಂದುಕೊಳ್ಳುತ್ತಾರೆ. ನಿಜದಲ್ಲಿ ಎರಡೂ ಹೃತ್ಕರ್ಣಗಳು (ಮೇಲಿನ ಕೋಣೆಗಳು) ಒಟ್ಟಿಗೆ ಸಂಕುಚಿಸುತ್ತವೆ. ಆಮೇಲೆ ಎರಡೂ ಹೃತ್ಕುಕ್ಷಿಗಳು (ಕೆಳಗಿನ ಕೋಣೆಗಳು) ಒಟ್ಟಿಗೆ. ಬೋರ್ಡ್ ಮೇಲೆ ಬರೆದ ಚಿತ್ರದಲ್ಲಿ 'ಒಟ್ಟಿಗೆ' ಅನ್ನುವುದನ್ನು ತೋರಿಸಲು ಆಗುವುದಿಲ್ಲ. ನನಗೆ ಅನಿಮೇಷನ್ ಬೇಕಾಗಿದ್ದು ಇದೊಂದಕ್ಕೇ. ನಾನು ನೋಡಿದ ವಿಡಿಯೋಗಳಲ್ಲಿ ಬಹಳಷ್ಟು ಇಂಗ್ಲಿಷಿನವು. ಕ್ಯಾಮೆರಾ ಸುತ್ತುತ್ತದೆ, ಸಂಗೀತ ಬರುತ್ತದೆ, ನೋಡಲು ಚೆಂದ. ಯಾವ ಕವಾಟ ಯಾವಾಗ ಮುಚ್ಚಿತು ಎಂದು ಕೇಳಿದರೆ ಮಕ್ಕಳಿಗೆ ಗೊತ್ತಾಗುತ್ತಿರಲಿಲ್ಲ.

ಹಾಗಾಗಿ ನಿಮಗೆ ಮೊದಲ ಮಾತು ಇದು: ಯಾವ ಪಾಠಕ್ಕೆ ಅನಿಮೇಷನ್ ಬೇಕು ಎಂದು ಮೊದಲೇ ಯೋಚಿಸಿ. ಎಲೆಯ ಒಳರಚನೆ ತೋರಿಸಲು ಒಳ್ಳೆಯ ಚಿತ್ರ ಸಾಕು, ಸೂಕ್ಷ್ಮದರ್ಶಕ ಇದ್ದರೆ ಇನ್ನೂ ಒಳ್ಳೆಯದು. ಕಾಲಕ್ಕೆ ತಕ್ಕಂತೆ ಏನಾದರೂ ಬದಲಾಗುತ್ತಿದ್ದರೆ ಮಾತ್ರ ಇಷ್ಟು ಕಷ್ಟಪಡಿ. ಹೃದಯ ಬಡಿತ, ಕೋಶ ವಿಭಜನೆ, ಪರಾವರ್ತಿತ ಕ್ರಿಯೆ, ಇಂಥವು.

ನಾನು ಬಳಸಿದ್ದು ಬ್ಲೆಂಡರ್ ಎಂಬ ತ್ರೀಡಿ ಅನಿಮೇಷನ್ ಸಾಫ್ಟ್‌ವೇರ್. ಪೂರ್ತಿ ಉಚಿತ. 2002ರಲ್ಲಿ ಬಳಕೆದಾರರೇ ಒಂದು ಲಕ್ಷ ಯೂರೋ ಕೂಡಿಸಿ ಅದನ್ನು ಎಲ್ಲರಿಗೂ ಮುಕ್ತವಾಗಿಸಿದರು. ಅವರಿಗೆ ನನ್ನ ನಮಸ್ಕಾರ. ಆದರೆ ಶಾಲೆಯ ಲ್ಯಾಬಿನ ಕಂಪ್ಯೂಟರ್‌ಗಳಲ್ಲಿ ಹೊಸ ಆವೃತ್ತಿ ತೆರೆಯಲೇ ಇಲ್ಲ. ಅವುಗಳ ಗ್ರಾಫಿಕ್ಸ್ ತುಂಬಾ ಹಳೆಯದು. ನಿಮಗೂ ಹೀಗಾದರೆ ಕಂಪ್ಯೂಟರ್ ಬದಲಿಸಲು ಓಡಬೇಡಿ. ಬ್ಲೆಂಡರ್‌ನ ಜಾಲತಾಣದಲ್ಲೇ ಹಳೆಯ ಆವೃತ್ತಿಗಳೂ ಸಿಗುತ್ತವೆ. ನಾನು ಮನೆಯ ಲ್ಯಾಪ್‌ಟಾಪ್ ಬಳಸಿದೆ. ಅದಕ್ಕೆ ಇನ್ನೊಂದು 8 ಜಿಬಿ ರ‍್ಯಾಮ್ ಹಾಕಿಸಿದೆ. ಮೂರು ಸಾವಿರದೊಳಗೆ ಆಯಿತು. ಚಕ್ರ ಇರುವ ಮೌಸ್ ಬೇಕೇ ಬೇಕು. ಟಚ್‌ಪ್ಯಾಡ್‌ನಲ್ಲಿ ಈ ಕೆಲಸ ಮಾಡಿದರೆ ಮಣಿಕಟ್ಟು ನೋಯುತ್ತದೆ. ಲ್ಯಾಪ್‌ಟಾಪ್‌ನಲ್ಲಿ ನಂಬರ್ ಪ್ಯಾಡ್ ಇಲ್ಲದಿದ್ದರೆ ಪ್ರಿಫರೆನ್ಸಸ್‌ನ ಇನ್‌ಪುಟ್‌ಗೆ ಹೋಗಿ 'ಎಮ್ಯುಲೇಟ್ ನಂಪ್ಯಾಡ್' ಟಿಕ್ ಮಾಡಿ. ಮೇಲಿನಿಂದ, ಮುಂದಿನಿಂದ, ಪಕ್ಕದಿಂದ ನೋಡಲು ಆ ಕೀಗಳು ಕ್ಷಣಕ್ಷಣಕ್ಕೂ ಬೇಕು.

ಹೃದಯದ ಹೊರ ಆಕಾರಕ್ಕೆ ಜಪಾನಿನ ಬಾಡಿಪಾರ್ಟ್ಸ್3ಡಿ ಸಂಗ್ರಹ ನೆರವಾಯಿತು. ದೇಹದ ಭಾಗಗಳ ಮಾದರಿಗಳನ್ನು ಅಲ್ಲಿ ಉಚಿತವಾಗಿ ಕೊಡುತ್ತಾರೆ. ಬಳಸಿದವರು ಮೂಲದ ಹೆಸರು ಹಾಕಬೇಕು. ಇಂಥ ಫೈಲುಗಳು ತುಂಬಾ ಭಾರ. 'ಡೆಸಿಮೇಟ್' ಎಂಬ ಮಾಡಿಫೈಯರ್ ಹಾಕಿ ಹಗುರ ಮಾಡಿಕೊಂಡೆ. ಒಳಗಿನ ಕೋಣೆಗಳನ್ನೂ ಕವಾಟಗಳನ್ನೂ ಮಾತ್ರ ನಾನೇ ಮಾಡಬೇಕಾಯಿತು.

ಅದಕ್ಕಾಗಿ ಮಟನ್ ಅಂಗಡಿಯಿಂದ ಕುರಿಯ ಹೃದಯ ತಂದೆ. ಅದರಲ್ಲೂ ನಮ್ಮದರಂತೆ ನಾಲ್ಕು ಕೋಣೆಗಳೇ. ಉದ್ದಕ್ಕೆ ಸೀಳಿ ಹಳೆಯ ಪತ್ರಿಕೆಯ ಮೇಲಿಟ್ಟು ಎಲ್ಲ ಕಡೆಯಿಂದ ಫೋಟೋ ತೆಗೆದೆ. ಎಡ ಹೃತ್ಕುಕ್ಷಿಯ ಗೋಡೆ ಬಲದ್ದಕ್ಕಿಂತ ಎಷ್ಟು ದಪ್ಪ ಎಂದು ಬೆರಳಲ್ಲಿ ಹಿಡಿದಾಗಲೇ ಸರಿಯಾಗಿ ಗೊತ್ತಾಗುವುದು. ಎರಡೂ ಕಡೆ ಒಂದು ಬಡಿತಕ್ಕೆ ಹೊರಹೋಗುವ ರಕ್ತ ಒಂದೇ ಪ್ರಮಾಣ. ನಮ್ಮಲ್ಲಿ ಅದು ಸುಮಾರು 70 ಮಿಲಿಲೀಟರ್. ಆದರೆ ಬಲಗಡೆಯದು ಪಕ್ಕದ ಶ್ವಾಸಕೋಶಕ್ಕೆ ತಳ್ಳಿದರೆ ಸಾಕು, ಎಡಗಡೆಯದು ಇಡೀ ದೇಹಕ್ಕೆ ತಳ್ಳಬೇಕು. ಅದಕ್ಕೇ ಆ ದಪ್ಪ. ಕವಾಟಗಳನ್ನು ಹಿಡಿದಿರುವ ಬಿಳಿ ನೂಲುಗಳನ್ನು ನೋಡಿ ನಾನು ಬಹಳ ಹೊತ್ತು ಅಲ್ಲೇ ಕೂತಿದ್ದೆ. ಇಷ್ಟು ವರ್ಷ ಪಾಠ ಮಾಡಿದ್ದೇನೆ, ಅವುಗಳ ಬಿಗಿ ಹೀಗಿರುತ್ತದೆ ಎಂದು ಕೈಗೆ ಗೊತ್ತಾಗಿದ್ದು ಅವತ್ತೇ. ಆ ನೂಲುಗಳಿಲ್ಲದಿದ್ದರೆ ಒತ್ತಡಕ್ಕೆ ಕವಾಟ ಗಾಳಿಗೆ ಸಿಕ್ಕ ಛತ್ರಿಯಂತೆ ಹಿಂದಕ್ಕೆ ಮಗುಚಿಕೊಳ್ಳುತ್ತದೆ. ನನ್ನ ಅನಿಮೇಷನ್‌ನಲ್ಲಿ ಅವು ಇರಲೇಬೇಕು ಎಂದು ಆಗಲೇ ಗಟ್ಟಿ ಮಾಡಿಕೊಂಡೆ.

ಬಡಿತದ ಲೆಕ್ಕ ನನಗೆ ಅತ್ಯಂತ ಇಷ್ಟವಾದ ಭಾಗ. ನಿಮಿಷಕ್ಕೆ 75 ಬಡಿತ ಎಂದಿಟ್ಟುಕೊಂಡರೆ ಒಂದು ಬಡಿತಕ್ಕೆ 0.8 ಸೆಕೆಂಡು. ಅದರಲ್ಲಿ 0.1 ಸೆಕೆಂಡು ಹೃತ್ಕರ್ಣಗಳ ಸಂಕೋಚನ, 0.3 ಸೆಕೆಂಡು ಹೃತ್ಕುಕ್ಷಿಗಳ ಸಂಕೋಚನ, ಉಳಿದ 0.4 ಸೆಕೆಂಡು ಎಲ್ಲವೂ ಸಡಿಲ. ಬ್ಲೆಂಡರ್ ತಾನಾಗಿ ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ) ಇಟ್ಟಿರುತ್ತದೆ. ಆಗ ಒಂದು ಬಡಿತಕ್ಕೆ 19.2 ಫ್ರೇಮ್ ಬರುತ್ತದೆ, ಬಡಿತದ ಕೊನೆಯೂ ಮೊದಲೂ ಒಂದಕ್ಕೊಂದು ಕೂಡುವುದಿಲ್ಲ. 25 ಇಟ್ಟರೆ ಸರಿಯಾಗಿ 20. ನಾಲ್ಕು ಪಟ್ಟು ನಿಧಾನ ಮಾಡಿದರೆ 80. ಹೃತ್ಕರ್ಣಕ್ಕೆ 10, ಹೃತ್ಕುಕ್ಷಿಗೆ 30, ವಿರಾಮಕ್ಕೆ 40. ಈ ಅಂಕಿಗಳನ್ನು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿದ್ದೆ. ಸಂಕೋಚನಕ್ಕೆ 'ಶೇಪ್ ಕೀ' ಬಳಸಿದೆ. ಸಡಿಲವಾದ ಆಕಾರ ಒಂದು, ಸಂಕುಚಿಸಿದ ಆಕಾರ ಇನ್ನೊಂದು. ನಡುವಿನದನ್ನು ಕಂಪ್ಯೂಟರ್ ತುಂಬಿಕೊಳ್ಳುತ್ತದೆ. ಅದು ಮೊದಲ ಸಲ ಪರದೆಯ ಮೇಲೆ ಬಡಿದಾಗ ಮನೆಯವರನ್ನೆಲ್ಲ ಕರೆದು ತೋರಿಸಿದೆ.

ರಕ್ತಕ್ಕೆ ದ್ರವದ ಸಿಮ್ಯುಲೇಷನ್ ಹಾಕಲು ಹೋಗಬೇಡಿ. ಸಾಮಾನ್ಯ ಲ್ಯಾಪ್‌ಟಾಪ್ ಅದನ್ನು ತಡೆದುಕೊಳ್ಳುವುದಿಲ್ಲ. ರಕ್ತ ಹೋಗುವ ದಾರಿಗೆ ಒಂದು ಕರ್ವ್ (ಬಾಗುಗೆರೆ) ಎಳೆದು, ಕೆಂಪು ರಕ್ತಕಣಗಳು ಅದರ ಮೇಲೆ ಸಾಗುವಂತೆ ಮಾಡಿದರೆ ಸಾಕು. ನಿಜವಾದ ಕಣದ ಅಗಲ 7–8 ಮೈಕ್ರೋಮೀಟರ್. ಹೃದಯದ ಪಕ್ಕದಲ್ಲಿ ಅದು ಕಾಣುವುದೇ ಇಲ್ಲ. ಹಾಗಾಗಿ ದೊಡ್ಡದು ಮಾಡಿ, ಮೂಲೆಯಲ್ಲಿ 'ಕಣಗಳ ಗಾತ್ರ ಅಳತೆಗೆ ಸರಿಯಾಗಿಲ್ಲ' ಎಂದು ಹಾಕಿದೆ. ಇಂಥ ಸಾಲನ್ನು ದಯವಿಟ್ಟು ಬಿಡಬೇಡಿ. ಪರದೆಯ ಮೇಲೆ ಕಂಡದ್ದನ್ನು ಮಕ್ಕಳು ಪೂರ್ತಿ ನಂಬುತ್ತಾರೆ.

ಬಣ್ಣದ ವಿಷಯವೂ ಹಾಗೇ. ಆಮ್ಲಜನಕ ಕಡಿಮೆ ಇರುವ ರಕ್ತವನ್ನು ಪುಸ್ತಕಗಳಲ್ಲಿ ನೀಲಿಯಾಗಿ ತೋರಿಸುತ್ತಾರೆ. ನಮ್ಮ ದೇಹದಲ್ಲಿ ನೀಲಿ ರಕ್ತ ಹರಿಯುತ್ತದೆ ಎಂದು ನಂಬಿದ ಮಕ್ಕಳು ನನ್ನ ತರಗತಿಯಲ್ಲಿ ಪ್ರತಿ ವರ್ಷವೂ ಇರುತ್ತಾರೆ. ಆಸ್ಪತ್ರೆಯಲ್ಲಿ ತೋಳಿನಿಂದ ತೆಗೆಯುವುದು ಅಭಿಧಮನಿಯ, ಅಂದರೆ ಆಮ್ಲಜನಕ ಕಡಿಮೆ ಇರುವ ರಕ್ತವೇ, ಅದು ಕಡುಗೆಂಪು ಅಲ್ವಾ? ಅದಕ್ಕೇ ನಾನು ಕಡುಗೆಂಪು ಮತ್ತು ತಿಳಿಗೆಂಪು ಆರಿಸಿಕೊಂಡೆ. ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಕಂಡಿತು. ತರಗತಿಯ ಪ್ರೊಜೆಕ್ಟರ್‌ನಲ್ಲಿ, ಕಿಟಕಿಯ ಬೆಳಕಿನಲ್ಲಿ, ಎರಡೂ ಒಂದೇ ಥರ ಕಂದು. ಕೆಲವು ಹುಡುಗರಿಗೆ ಕೆಂಪು ಛಾಯೆಗಳ ವ್ಯತ್ಯಾಸವೇ ತಿಳಿಯುವುದಿಲ್ಲ ಎಂಬುದೂ ತಲೆಯಲ್ಲಿತ್ತು. ಕೊನೆಗೆ ಬಣ್ಣ ಹಾಗೇ ಉಳಿಸಿ ಬಾಣಗಳನ್ನು ಬೇರೆ ಮಾಡಿದೆ. ಒಂದಕ್ಕೆ ತುಂಬಿದ ಬಾಣ, ಇನ್ನೊಂದಕ್ಕೆ ತುಂಡು ಗೆರೆಯ ಬಾಣ. ನೀವು ಪೂರ್ತಿ ರೆಂಡರ್ ಮಾಡುವ, ಅಂದರೆ ದೃಶ್ಯವನ್ನು ಅಂತಿಮ ಚಿತ್ರಗಳಾಗಿಸುವ ಮೊದಲು ಒಂದೇ ಒಂದು ಫ್ರೇಮ್ ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿ ತರಗತಿಯ ಹಿಂದಿನ ಬೆಂಚಿನಿಂದ ನೋಡಿ.

ಕನ್ನಡ ಅಕ್ಷರ ಇಷ್ಟು ಕಾಡುತ್ತದೆ ಎಂದು ನಾನು ಎಣಿಸಿರಲಿಲ್ಲ. ನಾನು ಬಳಸಿದ ಬ್ಲೆಂಡರ್‌ನಲ್ಲಿ 'ಹೃತ್ಕುಕ್ಷಿ' ಎಂದು ಟೈಪ್ ಮಾಡಿದರೆ ಒತ್ತಕ್ಷರ ಕೂಡುತ್ತಿರಲಿಲ್ಲ. ಅಕ್ಷರ ಒಂದು ಕಡೆ, ಗುಡಿಸು ಕೊಂಬು ಇನ್ನೊಂದು ಕಡೆ. ಫಾಂಟ್ ಬದಲಿಸಿದರೂ ಅಷ್ಟೇ. ಶಾಲೆಯಲ್ಲಿ ನಾವೆಲ್ಲ ಬಳಸುವ ಹಳೆಯ ನುಡಿ ಫಾಂಟ್‌ಗಳ ದಾರಿಯನ್ನೂ ಯೋಚಿಸಿದೆ, ಆದರೆ ಮುಂದೆ ಯಾರಾದರೂ ತಿದ್ದಬೇಕೆಂದರೆ ಯೂನಿಕೋಡ್ ಇದ್ದರೇ ಒಳ್ಳೆಯದು. ದಾರಿ ತೋರಿದ್ದು ಇಂಕ್‌ಸ್ಕೇಪ್ ಎಂಬ ಇನ್ನೊಂದು ಉಚಿತ ಸಾಫ್ಟ್‌ವೇರ್. ಅದರಲ್ಲಿ ನೋಟೋ ಸಾನ್ಸ್ ಕನ್ನಡ ಅಥವಾ ಬಾಲೂ ತಮ್ಮ ಫಾಂಟ್‌ನಲ್ಲಿ ಹೆಸರು ಬರೆಯಿರಿ. 'ಆಬ್ಜೆಕ್ಟ್ ಟು ಪಾತ್' ಒತ್ತಿ. ಅಕ್ಷರ ಈಗ ಬರೀ ಆಕಾರ. ಎಸ್‌ವಿಜಿ ಆಗಿ ಉಳಿಸಿ ಬ್ಲೆಂಡರ್‌ಗೆ ತನ್ನಿ. ಒತ್ತಕ್ಷರ ಒಂದೂ ಅಲ್ಲಾಡುವುದಿಲ್ಲ. ಪಾತ್ ಮಾಡುವ ಮೊದಲಿನ ಫೈಲನ್ನೂ ಬೇರೆ ಇಟ್ಟುಕೊಳ್ಳಿ, ಹೆಸರು ತಿದ್ದಬೇಕಾದರೆ ಬೇಕಾಗುತ್ತದೆ.

ರೆಂಡರ್ ಮಾಡುವ ಮೊದಲು ಪರಿಚಯದ ಹೃದ್ರೋಗ ವೈದ್ಯರೊಬ್ಬರಿಗೆ ತೋರಿಸಿದೆ. ಅವರು ಸಿಗಲು ಕಾಯಬೇಕಾಯಿತು, ಆದರೆ ಕಾದದ್ದಕ್ಕೆ ಬೆಲೆ ಬಂತು. ಎರಡು ಮಾತು ಹೇಳಿದರು. ಹೃತ್ಕುಕ್ಷಿ ಸಂಕುಚಿಸಲು ಶುರುವಾದ ಕೂಡಲೇ ರಕ್ತ ಹೊರಹೋಗುವ ಕವಾಟ ತೆರೆಯುವುದಿಲ್ಲ. ಒಳಗಿನ ಒತ್ತಡ ಏರುವ ತನಕ, ಅಂದರೆ ಸುಮಾರು 0.05 ಸೆಕೆಂಡು, ನಾಲ್ಕೂ ಕವಾಟಗಳು ಮುಚ್ಚಿರುತ್ತವೆ. ನನ್ನ ಲೆಕ್ಕದಲ್ಲಿ 5 ಫ್ರೇಮ್. ಎರಡನೆಯದು, ಹೃತ್ಕುಕ್ಷಿ ತುಂಬುವುದು ಹೃತ್ಕರ್ಣ ತಳ್ಳಿದ್ದರಿಂದ ಮಾತ್ರ ಅಲ್ಲ. ಸುಮಾರು ಮುಕ್ಕಾಲು ಭಾಗ ರಕ್ತ ವಿರಾಮದ ಹೊತ್ತಿನಲ್ಲೇ ತಾನಾಗಿ ಇಳಿದಿರುತ್ತದೆ. ಹೃತ್ಕರ್ಣ ಕೊಡುವುದು ಕೊನೆಯ ತಳ್ಳು. ಎರಡನ್ನೂ ಸೇರಿಸಿದೆ. ಹತ್ತನೇ ತರಗತಿಗೆ ಇಷ್ಟು ಬೇಕಾ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಇದರ ಮೇಲೆ ಪ್ರಶ್ನೆ ಬರುವುದಿಲ್ಲ, ನಿಜ. ಆದರೆ ಮಕ್ಕಳು ನೋಡುವುದು ಸರಿಯಾಗಿರಲಿ. ಕವಾಟವನ್ನು ಯಾವ ಸ್ನಾಯುವೂ ಎಳೆದು ತೆರೆಯುವುದಿಲ್ಲ, ರಕ್ತದ ಒತ್ತಡವೇ ತೆರೆಯುತ್ತದೆ, ಒತ್ತಡವೇ ಮುಚ್ಚುತ್ತದೆ ಎಂಬುದು ಆ 5 ಫ್ರೇಮ್‌ಗಳಿಂದಲೇ ಕಣ್ಣಿಗೆ ಕಾಣುತ್ತದೆ.

ಇನ್ನು ರೆಂಡರಿಂಗ್. ಮೂರು ನಿಮಿಷ ಅಂದರೆ 4500 ಫ್ರೇಮ್. ನನ್ನ ಯಂತ್ರದಲ್ಲಿ ಒಂದು ಫ್ರೇಮ್‌ಗೆ ಹೆಚ್ಚುಕಡಿಮೆ ಅರ್ಧ ನಿಮಿಷ. ಲೆಕ್ಕ ಹಾಕಿ, ಎಡೆಬಿಡದೆ ಓಡಿದರೂ 37 ಗಂಟೆ ದಾಟುತ್ತದೆ. ನಮ್ಮೂರಲ್ಲಿ ಅಷ್ಟು ಹೊತ್ತು ಕರೆಂಟು ಎಲ್ಲಿರುತ್ತದೆ? ಅದಕ್ಕೆ ನೇರ ವಿಡಿಯೋ ಆಗಿ ರೆಂಡರ್ ಮಾಡಬೇಡಿ. ಪಿಎನ್‌ಜಿ ಚಿತ್ರಗಳಾಗಿ ಮಾಡಿ. ಕರೆಂಟು ಹೋಗಿ ಯಂತ್ರ ಆರಿದರೂ ಅಲ್ಲಿಯವರೆಗಿನ ಚಿತ್ರಗಳು ಉಳಿದಿರುತ್ತವೆ, ನಿಂತ ಫ್ರೇಮ್‌ನಿಂದ ಮುಂದುವರಿಸಬಹುದು. ಇನ್ನೊಂದು ಉಪಾಯ: ಕ್ಯಾಮೆರಾ ಅಲ್ಲಾಡದ ಕಡೆ ಒಂದು ಬಡಿತದ 80 ಫ್ರೇಮ್ ಮಾತ್ರ ರೆಂಡರ್ ಮಾಡಿ, ಎಡಿಟಿಂಗ್‌ನಲ್ಲಿ ಅದನ್ನೇ ಮತ್ತೆ ಮತ್ತೆ ಜೋಡಿಸಿ. ನನ್ನ ಕೆಲಸ ಅರ್ಧಕ್ಕಿಂತ ಕಡಿಮೆಯಾಯಿತು. ಕ್ಯಾಮೆರಾ ನಿಂತಿದ್ದರೆ ಮಕ್ಕಳಿಗೂ ಒಳ್ಳೆಯದು, ಎಲ್ಲಿ ನೋಡಬೇಕು ಎಂದು ಹುಡುಕಬೇಕಾಗುವುದಿಲ್ಲ. ಗಾತ್ರ 1280×720 ಸಾಕು. 1920×1080ಕ್ಕೆ ಹೋಲಿಸಿದರೆ ಚುಕ್ಕೆಗಳು ಅರ್ಧಕ್ಕಿಂತ ಕಡಿಮೆ, ನಮ್ಮ ಪ್ರೊಜೆಕ್ಟರ್‌ನಲ್ಲಿ ವ್ಯತ್ಯಾಸವೂ ಕಾಣುವುದಿಲ್ಲ.

ಧ್ವನಿ ನನ್ನದೇ. ಎಂಟುನೂರು ರೂಪಾಯಿಯ ಕಾಲರ್ ಮೈಕ್ ತಗೊಂಡೆ. ಫ್ಯಾನ್ ಆರಿಸಿ, ಬಾಗಿಲು ಹಾಕಿ, ಬೆಳಗಿನ ಜಾವ ರೆಕಾರ್ಡ್ ಮಾಡಿದೆ. ಆಮೇಲಾದರೆ ಟ್ರ್ಯಾಕ್ಟರ್ ಸದ್ದು ಶುರು. ಮಾತಾಡುವ ಮೊದಲು ಕೆಲವು ಸೆಕೆಂಡು ಸುಮ್ನೆ ಇರಿ. ಆಡಾಸಿಟಿ ಎಂಬ ಧ್ವನಿ ಸಾಫ್ಟ್‌ವೇರ್ ಆ ಖಾಲಿ ಭಾಗದಿಂದ ಕೋಣೆಯ ಗುಂಯ್‌ಗುಡುವಿಕೆ ಗುರುತಿಸಿ ತೆಗೆಯುತ್ತದೆ. ಹೇಳುವ ಮಾತನ್ನೇ ಪರದೆಯ ಮೇಲೆ ಸಾಲಾಗಿ ಹಾಕಲಿಲ್ಲ, ಭಾಗಗಳ ಹೆಸರು ಮಾತ್ರ ಹಾಕಿದೆ. ಚಿತ್ರದ ಜೊತೆ ಮಾತು ಕೇಳಿಸಿದರೆ ಸಾಕು, ಅದೇ ಮಾತು ಓದಲೂ ಇದ್ದರೆ ಕಲಿಕೆಗೆ ತೊಡಕು ಎಂದು ಮನೋವಿಜ್ಞಾನಿ ರಿಚರ್ಡ್ ಮೇಯರ್ ತೋರಿಸಿದ್ದಾರೆ. ಸಂಗೀತವೂ ಇಲ್ಲ. ಅದರ ಬದಲು 'ಲಬ್', 'ಡಬ್' ಸದ್ದು. ಹೃತ್ಕರ್ಣ–ಹೃತ್ಕುಕ್ಷಿ ನಡುವಿನ ಕವಾಟಗಳು ಮುಚ್ಚುವ ಕ್ಷಣಕ್ಕೆ 'ಲಬ್', ದೇಹಕ್ಕೆ ರಕ್ತ ಒಯ್ಯುವ ಮಹಾಪಧಮನಿ ಮತ್ತು ಶ್ವಾಸಕೋಶದ ಅಪಧಮನಿಯ ಕವಾಟಗಳು ಮುಚ್ಚುವ ಕ್ಷಣಕ್ಕೆ 'ಡಬ್'. ಪ್ರಶ್ನೆ ಕೇಳುವ ದನಿ ನಮ್ಮ ವಿದ್ಯಾರ್ಥಿನಿಯದು. ಮಕ್ಕಳ ದನಿ ಅಥವಾ ಮುಖ ಬಳಸಿದರೆ ಪಾಲಕರಿಂದ ಒಪ್ಪಿಗೆ ಪತ್ರ ಬರೆಸಿಕೊಂಡು ಎಚ್‌ಎಂ (ಮುಖ್ಯ ಶಿಕ್ಷಕರ) ಸಹಿ ಹಾಕಿಸಿ ಇಟ್ಟುಕೊಳ್ಳಿ.

ಆ ಪತ್ರ ಮುಂದೆ ಬಹಳ ನೆರವಾಯಿತು. ಬೇರೆ ಶಾಲೆಗಳಿಗೂ ಸಿಗಲಿ ಎಂದು ಒಂದು ಪರಿಶೀಲನಾ ಸಮಿತಿಗೆ ಕಳಿಸಿದ್ದೆ. ತಿಂಗಳುಗಟ್ಟಲೆ ಉತ್ತರವಿಲ್ಲ. ಫೋನ್ ಮಾಡಿದರೆ 'ನೋಡ್ತೀವಿ ಮೇಡಂ'. ಅಷ್ಟು ದಿನ ದುಡಿದದ್ದನ್ನು ಯಾರೂ ತೆರೆದೇ ನೋಡಲಿಲ್ಲವಲ್ಲ ಎಂದು ತುಂಬಾ ಬೇಜಾರಾಗಿತ್ತು. ಕೊನೆಗೆ ವಾಪಸ್ ಬಂತು: ಪ್ರತಿ ಮಾದರಿಯ ಮೂಲ, ಪರವಾನಗಿ, ಫಾಂಟ್‌ನ ಪರವಾನಗಿ, ಸ್ಕ್ರಿಪ್ಟ್‌ನ ಪ್ರತಿ, ಸ್ವಂತ ಕೆಲಸ ಎಂಬ ಘೋಷಣೆ, ದನಿಗೆ ಒಪ್ಪಿಗೆ ಪತ್ರ. ಎಲ್ಲವೂ ಕೇಳಬೇಕಾದದ್ದೇ. ಆದರೆ ಮೊದಲೇ ಒಂದು ಪಟ್ಟಿ ಕೊಟ್ಟಿದ್ದರೆ ಒಂದು ಶೈಕ್ಷಣಿಕ ವರ್ಷದ ಅರ್ಧ ಉಳಿಯುತ್ತಿತ್ತು. ನೀವು ಮೊದಲ ದಿನದಿಂದಲೇ ಇವನ್ನೆಲ್ಲ ಒಂದು ಫೋಲ್ಡರ್‌ನಲ್ಲಿ ಹಾಕುತ್ತಾ ಬನ್ನಿ. ಒಪ್ಪಿಗೆ ಬಂದದ್ದು ಮೊನ್ನೆ.

ಅದಕ್ಕೂ ಮೊದಲೇ ನನ್ನ ತರಗತಿಯಲ್ಲಿ ತೋರಿಸಿದ್ದೆ. ಸ್ಮಾರ್ಟ್ ಕ್ಲಾಸ್ ಯಂತ್ರ ಮೊದಲು ಫೈಲನ್ನು ತೆರೆಯಲಿಲ್ಲ. ಎಚ್.265 ಎಂಬ ವಿಡಿಯೋ ರೂಪದಲ್ಲಿ ಉಳಿಸಿದ್ದು ಹಳೆಯ ಯಂತ್ರಗಳಿಗೆ ಹಿಡಿಸುವುದಿಲ್ಲ. ಎಚ್.264 ಇರುವ ಎಂಪಿ4 ಮಾಡಿ, ಪೆನ್‌ಡ್ರೈವ್ ಅನ್ನು ಎಫ್‌ಎಟಿ32ಕ್ಕೆ ಫಾರ್ಮ್ಯಾಟ್ ಮಾಡಿ ಹಾಕಿದರೆ ನಡೆಯುತ್ತದೆ.

ಪೂರ್ತಿ ಓಡಿಸಿ 'ತಿಳೀತಾ?' ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಅದರಿಂದ ಏನೂ ಆಗುವುದಿಲ್ಲ. ನಾನು ಹೃತ್ಕುಕ್ಷಿ ಸಂಕುಚಿಸುವ ಮುಂಚೆ ನಿಲ್ಲಿಸಿದೆ. ಈಗ ಯಾವ ಕವಾಟ ಮುಚ್ಚುತ್ತೆ, ನೋಟ್‌ಬುಕ್‌ನಲ್ಲಿ ಬರೆಯಿರಿ ಅಂದೆ. ಬರೆದ ಮೇಲೆ ಓಡಿಸಿದೆ. ತಮ್ಮ ಊಹೆ ಸರಿಯೋ ಎಂದು ನೋಡುವ ಆತುರದಲ್ಲಿ ಹಿಂದಿನ ಬೆಂಚಿನವರೂ ಎದ್ದು ನಿಂತರು. 'ಮೇಡಂ, ಎರಡೂ ಕಡೆ ಒಂದೇ ಸಲ ಮುಚ್ಚಿತು!' ಎಂದು ಒಬ್ಬ ಕೂಗಿದ. ನಾನು ಕಾದಿದ್ದದ್ದು ಈ ಮಾತಿಗೇ. ಆಮೇಲೆ ಕುರಿಯ ಹೃದಯವನ್ನೂ ಒಂದು ತಟ್ಟೆಯಲ್ಲಿ ತೋರಿಸಿದೆ. ಮುಟ್ಟಲು ಇಷ್ಟವಿಲ್ಲದವರು ದೂರದಿಂದ ನೋಡಿದರು. ಅನಿಮೇಷನ್ ಇದೆ ಎಂದು ನಿಜವಾದದ್ದನ್ನು ಬಿಡಬೇಡಿ. ಗೋಡೆಯ ದಪ್ಪ, ನೂಲಿನ ಬಿಗಿ ಪರದೆಯಿಂದ ಕೈಗೆ ಬರುವುದಿಲ್ಲ.

ಅವತ್ತೇ ಒಬ್ಬಳು ಕೇಳಿದಳು: 'ಮೇಡಂ, ಹೊಟ್ಟೇಲಿರೋ ಮಗು ಉಸಿರಾಡಲ್ಲ. ಆಗ ರಕ್ತ ಶ್ವಾಸಕೋಶಕ್ಕೆ ಯಾಕೆ ಹೋಗ್ಬೇಕು?' ಪಠ್ಯದಲ್ಲಿಲ್ಲದ ಪ್ರಶ್ನೆ, ಎಷ್ಟು ಒಳ್ಳೆಯ ಪ್ರಶ್ನೆ! ಭ್ರೂಣದಲ್ಲಿ ಎರಡು ಹೃತ್ಕರ್ಣಗಳ ನಡುವೆ ಒಂದು ತೂತು ಇರುತ್ತದೆ, ಬಹಳಷ್ಟು ರಕ್ತ ಶ್ವಾಸಕೋಶಕ್ಕೆ ಹೋಗದೆ ಅಲ್ಲಿಂದಲೇ ಎಡಕ್ಕೆ ದಾಟುತ್ತದೆ, ಹುಟ್ಟಿ ಉಸಿರಾಡಲು ಶುರು ಮಾಡಿದ ಮೇಲೆ ಒತ್ತಡ ಬದಲಾಗಿ ಆ ತೂತು ಮುಚ್ಚಿಕೊಳ್ಳುತ್ತದೆ ಎಂದು ಬೋರ್ಡ್ ಮೇಲೆ ಬರೆದು ಹೇಳಿದೆ. ಈಗ ಅದಕ್ಕೂ ಒಂದು ನಿಮಿಷದ ಭಾಗ ಮಾಡುತ್ತಿದ್ದೇನೆ. ಹೃತ್ಕರ್ಣಗಳ ನಡುವಿನ ಗೋಡೆಯನ್ನು ಮೊದಲೇ ಬೇರೆ ಆಬ್ಜೆಕ್ಟ್ ಆಗಿ, ಹೆಸರಿಟ್ಟು ಉಳಿಸಿದ್ದರಿಂದ ಉಳಿದದ್ದನ್ನು ಮುಟ್ಟದೆ ತೂತು ಕೊರೆಯಲು ಆಗುತ್ತಿದೆ. ನೀವೂ ಪ್ರತಿ ಭಾಗವನ್ನು ಹೀಗೇ ಬೇರೆ ಬೇರೆ ಇಟ್ಟುಕೊಳ್ಳಿ.